ನಾಲ್ಕು ಡಾಲರ್ 86 ಸೆಂಟಿನ ಮರ್ಯಾದೆ

1925ರಲ್ಲಿ ಬ್ರಿಟನ್ ಒಂದು ಕಾನೂನು ಮಾಡಿತು. ನೋಟು ತಂದವರಿಗೆ ಬ್ಯಾಂಕ್ ಆಫ್ ಇಂಗ್ಲೆಂಡ್ ಚಿನ್ನ ಕೊಡಬೇಕು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಬ್ಯಾಂಕು ನಾಣ್ಯ ಕೊಡುತ್ತಿರಲಿಲ್ಲ, ಗಟ್ಟಿ ಕೊಡುತ್ತಿತ್ತು. ಒಂದೊಂದು ಗಟ್ಟಿಗೆ ಸುಮಾರು 400 ಔನ್ಸ್, ಅಂದರೆ ಹನ್ನೆರಡೂವರೆ ಕಿಲೋ ತೂಕ. ಬೆಲೆ ಹತ್ತಿರ ಹತ್ತಿರ 1,700 ಪೌಂಡ್. ಕಲ್ಲಿದ್ದಲು ಗಣಿಯಲ್ಲಿ ದುಡಿಯುವವನಿಗೆ ಅದು ಹತ್ತು ವರ್ಷಕ್ಕೂ ಜಾಸ್ತಿ ಕಾಲದ ಕೂಲಿ. ಚಿನ್ನ ಸಿಗುತ್ತಿದ್ದದ್ದು ದೊಡ್ಡ ಕುಳಗಳಿಗೆ. ಅದರ ಖರ್ಚು ಬಿದ್ದದ್ದು ಮಾತ್ರ ಗಣಿಯವನ ತಲೆ ಮೇಲೆ.

ಕಥೆ ಶುರುವಾಗುವುದು ಮೊದಲ ಮಹಾಯುದ್ಧದಿಂದ. ಯುದ್ಧಕ್ಕೆ ಮುಂಚೆ ಒಂದು ಪೌಂಡಿಗೆ 4.86 ಡಾಲರ್. ಎರಡಕ್ಕೂ ಚಿನ್ನದ ಅಳತೆ ಇತ್ತು, ಹಾಗಾಗಿ ಈ ದರ ಅಲುಗಾಡುತ್ತಿರಲಿಲ್ಲ. ಯುದ್ಧದಲ್ಲಿ ಆ ಗಂಟು ಬಿಚ್ಚಿಹೋಯಿತು. ಸರ್ಕಾರದ ಸಾಲ 650 ಮಿಲಿಯನ್ ಪೌಂಡಿನಿಂದ 7,000 ಮಿಲಿಯನ್ ದಾಟಿತು. 1924ರಲ್ಲಿ ಪೌಂಡಿನ ಬೆಲೆ ಸುಮಾರು 4.40 ಡಾಲರಿಗೆ ಇಳಿದಿತ್ತು. ಲಂಡನ್ನಿನ ಹಣಕಾಸಿನವರಿಗೆ ಇದು ನಿದ್ದೆಗೆಡಿಸಿತು. ಜಗತ್ತಿಗೇ ಸಾಲ ಕೊಡುವ ಊರು ನಮ್ಮದು, ನಮ್ಮ ದುಡ್ಡೇ ಹಳೆ ಬೆಲೆಗೆ ನಿಲ್ಲದಿದ್ದರೆ ಕೊಟ್ಟ ಮಾತು ತಪ್ಪಿದ ಹಾಗಲ್ಲವೇ? ಲೆಕ್ಕಕ್ಕಿಂತ ಅದು ಮರ್ಯಾದೆಯ ಪ್ರಶ್ನೆ ಆಗಿಹೋಗಿತ್ತು.

ಆಗಿನ ಹಣಕಾಸು ಮಂತ್ರಿ ವಿನ್‌ಸ್ಟನ್ ಚರ್ಚಿಲ್. ಅರ್ಥಶಾಸ್ತ್ರ ಓದಿದವನಲ್ಲ, ಆದರೆ ಅನುಮಾನ ಸರಿಯಾಗಿಯೇ ಬಂದಿತ್ತು. ಹಣಕಾಸಿನವರ ಹೆಮ್ಮೆ ಸ್ವಲ್ಪ ಕಡಿಮೆಯಾಗಿ ಕೈಗಾರಿಕೆಯವರ ನೆಮ್ಮದಿ ಸ್ವಲ್ಪ ಜಾಸ್ತಿಯಾದರೆ ನನಗೆ ಇಷ್ಟ ಎಂದು ತನ್ನ ಅಧಿಕಾರಿಗೆ ಬರೆದ. 1925ರ ಮಾರ್ಚ್ 17ರಂದು, ಚಿನ್ನದ ಹಳೆ ಬೆಲೆಗೆ ಮರಳಬೇಕು ಎನ್ನುವವರು, ಬೇಡ ಎನ್ನುವವರು, ಎರಡೂ ಕಡೆಯವರನ್ನು ರಾತ್ರಿ ಊಟಕ್ಕೆ ಕರೆದು ವಾದ ಮಾಡಿಸಿದ. ಬೇಡ ಎಂದವರಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಒಬ್ಬ. ಊಟ ಮುಗಿಯಿತು, ಗೆದ್ದದ್ದು ಮರ್ಯಾದೆಯೇ. ಏಪ್ರಿಲ್ 28ರ ಬಜೆಟ್ ಭಾಷಣದಲ್ಲಿ ಚರ್ಚಿಲ್ ಮತ್ತೆ ಚಿನ್ನಕ್ಕೆ ಹಿಂತಿರುಗುವುದಾಗಿ ಸಾರಿದ. ಅದೂ ಹಳೆಯ 4.86ಕ್ಕೇ.

ಇದು ಗಣಿಯವನಿಗೆ ಹೇಗೆ ತಟ್ಟುತ್ತದೆ? ಸುಮ್ನೆ ಒಂದು ಲೆಕ್ಕ ಹಾಕೋಣ. ಒಂದು ಟನ್ ಕಲ್ಲಿದ್ದಲಿಗೆ ಒಂದು ಪೌಂಡ್, ಅಂದರೆ 20 ಶಿಲ್ಲಿಂಗ್ ಅಂದುಕೊಳ್ಳಿ. ಹೊರದೇಶದ ಗಿರಾಕಿ ಹಿಂದೆ ಅದಕ್ಕೆ 4.40 ಡಾಲರ್ ಕೊಡುತ್ತಿದ್ದ. ಈಗ 4.86 ಕೊಡಬೇಕು. ಅವನು ಜರ್ಮನಿಯ ಕಲ್ಲಿದ್ದಲಿನ ಕಡೆ ತಿರುಗುತ್ತಾನೆ. ಅವನನ್ನು ಉಳಿಸಿಕೊಳ್ಳಬೇಕಾದರೆ 20 ಶಿಲ್ಲಿಂಗಿನ ಮಾಲನ್ನು ಸುಮಾರು 18ಕ್ಕೆ ಮಾರಬೇಕು. ಆ ಎರಡು ಶಿಲ್ಲಿಂಗ್ ಎಲ್ಲಿಂದ ಬರಬೇಕು? ಕಲ್ಲಿದ್ದಲಿನ ಬೆಲೆಯಲ್ಲಿ ದೊಡ್ಡ ಪಾಲು ಕೂಲಿಯೇ. ಕೈ ಹೋಗಿದ್ದೂ ಅಲ್ಲಿಗೇ.

ಪೌಂಡನ್ನು ಶೇಕಡಾ 10ರಷ್ಟು ಜಾಸ್ತಿ ಬೆಲೆಗೆ ಕಟ್ಟಿದ್ದಾರೆ ಎಂದು ಕೇನ್ಸ್ ಆಗಲೇ ಬರೆದ. ಗಣಿ ಮಾಲೀಕರು ಕೂಲಿ ಕಡಿತದ ನೋಟಿಸ್ ಹಚ್ಚಿದರು. ಒಂಬತ್ತು ತಿಂಗಳು ಸರ್ಕಾರವೇ ಸಹಾಯಧನ ಕೊಟ್ಟು ಜಗಳ ಮುಂದೂಡಿತು. 1926ರ ಮೇ ತಿಂಗಳಲ್ಲಿ ದೇಶಾದ್ಯಂತ ಮುಷ್ಕರ. “ಕೂಲಿಯಲ್ಲಿ ಒಂದು ಪೆನ್ನಿ ಕಮ್ಮಿ ಇಲ್ಲ, ದುಡಿಮೆಯಲ್ಲಿ ಒಂದು ನಿಮಿಷ ಜಾಸ್ತಿ ಇಲ್ಲ” ಎಂಬುದು ಗಣಿಯವರ ಘೋಷಣೆ. ಉಳಿದ ಕಾರ್ಮಿಕ ಸಂಘಗಳು ಒಂಬತ್ತೇ ದಿನಕ್ಕೆ ಕೈಬಿಟ್ಟವು. ಗಣಿಯವರು ಒಂಟಿಯಾಗಿ ಚಳಿಗಾಲದ ತನಕ ಎಳೆದು, ಸೋತು, ಕಡಿಮೆ ಕೂಲಿಗೆ ಜಾಸ್ತಿ ಹೊತ್ತು ದುಡಿಯಲು ಇಳಿದರು.

ಇಲ್ಲೊಂದು ತಮಾಷೆ ಇದೆ. ಬೆಲೆ, ಕೂಲಿ ಎಲ್ಲ ಇಳಿದರೂ ಸಾಲ ಇಳಿಯಲಿಲ್ಲ. ಯುದ್ಧದ ಸಾಲದ ದೊಡ್ಡ ಪಾಲು ಪೌಂಡಿನಲ್ಲಿತ್ತು, ಆ ಪೌಂಡ್ ಈಗ ಭಾರವಾಗಿತ್ತು. 1920ರ ದಶಕದ ಕೊನೆಗೆ ಬಜೆಟ್ಟಿನ ಸುಮಾರು ಶೇಕಡಾ 40ರಷ್ಟು ಹಣ ಸಾಲಕ್ಕೇ ಹೋಗುತ್ತಿತ್ತು. ಸಾಲಗಾರನ ಮರ್ಯಾದೆ ಉಳಿಸಲು ಹೋಗಿ ಸಾಲವನ್ನೇ ದೊಡ್ಡದು ಮಾಡಿಕೊಂಡ ಹಾಗಾಯಿತು.

ಹತ್ತು ಲಕ್ಷಕ್ಕೂ ಜಾಸ್ತಿ ಜನ ಕೆಲಸವಿಲ್ಲದೆ ಕೂತಿದ್ದರು. 1929ರ ಚುನಾವಣೆಯಲ್ಲಿ ಲಿಬರಲ್ ಪಕ್ಷದ ನಾಯಕ ಲಾಯ್ಡ್ ಜಾರ್ಜ್ ಒಂದು ಯೋಜನೆ ಮುಂದಿಟ್ಟ: ಸಾಲ ತಂದು ರಸ್ತೆ, ಮನೆ ಕಟ್ಟಿಸೋಣ. ಖಜಾನೆಯ ಅಧಿಕಾರಿಗಳು ತಲೆ ಅಲ್ಲಾಡಿಸಿದರು. ದೇಶದ ಉಳಿತಾಯ ಇರುವುದೇ ಇಷ್ಟು, ಸರ್ಕಾರ ಅದರಲ್ಲಿ ಒಂದು ಬಿಂದಿಗೆ ಎತ್ತಿಕೊಂಡರೆ ಕಾರ್ಖಾನೆಯವನಿಗೆ ಒಂದು ಬಿಂದಿಗೆ ಕಮ್ಮಿ, ಒಟ್ಟು ಕೆಲಸ ಅಷ್ಟೇ ಎಂಬುದು ಅವರ ವಾದ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವವರು ಅವರು. ಆ ವಾದ ಪೂರ್ತಿ ಪೆದ್ದುತನ ಅಲ್ಲ. ಎಲ್ಲರಿಗೂ ಕೈತುಂಬ ಕೆಲಸ ಇರುವ ದೇಶದಲ್ಲಿ ಅದು ಸರಿಯೇ. ಆದರೆ ಅರ್ಧ ಊರೇ ಖಾಲಿ ಕೂತಿರುವಾಗ? ಒಬ್ಬ ಕಾಲು ಮಡಚಿದರೆ ಪಕ್ಕದವನ ಹಾಸಿಗೆ ಚಿಕ್ಕದಾಗುತ್ತದೆ. ನಾನು ಖರ್ಚು ಮಾಡಿದ್ದೇ ನಿಮ್ಮ ಸಂಪಾದನೆ ತಾನೇ? 1931ರ ಜನವರಿಯಲ್ಲಿ ಕೇನ್ಸ್ ರೇಡಿಯೋದಲ್ಲಿ ಇದನ್ನೇ ಹೇಳಿದ. ನೀವು ಐದು ಶಿಲ್ಲಿಂಗ್ ಉಳಿಸಿದಾಗಲೆಲ್ಲ ಒಬ್ಬನ ಒಂದು ದಿನದ ಕೆಲಸ ಹೋಗುತ್ತದೆ, ಅಂಗಡಿಗೆ ಹೋಗಿ ಬಟ್ಟೆಬರೆ ಕೊಳ್ಳಿ ಎಂದು ಗೃಹಿಣಿಯರನ್ನು ಕೇಳಿಕೊಂಡ.

ಸರ್ಕಾರ ಕೇಳಿಸಿಕೊಂಡದ್ದು ಬೇರೆಯವರ ಮಾತು. ಮೇ ತಿಂಗಳಲ್ಲಿ ವಿಯೆನ್ನಾದ ದೊಡ್ಡ ಬ್ಯಾಂಕೊಂದು ಕುಸಿಯಿತು, ಗಾಬರಿ ಜರ್ಮನಿ ದಾಟಿ ಲಂಡನ್ನಿಗೆ ಬಂತು. ಜುಲೈ ಕೊನೆಗೆ, ಸರ್ಕಾರದ ಖರ್ಚು ತಗ್ಗಿಸುವ ದಾರಿ ಹುಡುಕಲು ನೇಮಿಸಿದ್ದ ಜಾರ್ಜ್ ಮೇ ಎಂಬವನ ಸಮಿತಿಯ ವರದಿ: 120 ಮಿಲಿಯನ್ ಪೌಂಡ್ ಖೋತಾ ಆಗಲಿದೆ, 96 ಮಿಲಿಯನ್ ಖರ್ಚು ಕತ್ತರಿಸಿ. ಆ ಖೋತಾದಲ್ಲಿ ಹಳೆ ಸಾಲದ ಅಸಲು ತೀರಿಸಲು ಎತ್ತಿಡುವ ಹಣವನ್ನೂ ಸೇರಿಸಿದ್ದರು. ಅಷ್ಟು ನೋಡುವ ವ್ಯವಧಾನ ಯಾರಿಗಿತ್ತು? ನಿರುದ್ಯೋಗಿಗಳ ಭತ್ಯೆ ಕಡಿಯುವ ಮಾತಿಗೆ ಆಗ ಅಧಿಕಾರದಲ್ಲಿದ್ದ ಲೇಬರ್ ಪಕ್ಷದ ಸರ್ಕಾರ ಒಡೆದೇ ಹೋಯಿತು. ಹೊಸ ಸರ್ಕಾರ ಸಂಬಳ ಕಡಿಯಿತು. ಸ್ಕಾಟ್ಲೆಂಡಿನ ಇನ್ವರ್ಗಾರ್ಡನ್ ಬಂದರಿನಲ್ಲಿದ್ದ ನಾವಿಕರಲ್ಲಿ ಕೆಲವರಿಗೆ ದಿನದ ನಾಲ್ಕು ಶಿಲ್ಲಿಂಗ್ ಮೂರಾಗುವುದಿತ್ತು. ನಾಲ್ಕರಲ್ಲಿ ಒಂದು! ಸೆಪ್ಟೆಂಬರ್ 15ರಂದು ಅವರು ಹಡಗು ಹೊರಡಿಸಲು ಒಪ್ಪಲಿಲ್ಲ. ಬ್ರಿಟನ್ನಿನ ನೌಕಾಪಡೆಯೇ ತಿರುಗಿಬಿದ್ದಿದೆ ಎಂಬ ಸುದ್ದಿಗೆ ಹೊರದೇಶದವರು ತಮ್ಮ ಹಣ ಎತ್ತಿಕೊಂಡು ಓಡಿದರು.

ಸೆಪ್ಟೆಂಬರ್ 21, 1931. ಬ್ರಿಟನ್ ಚಿನ್ನದ ಕೈ ಬಿಟ್ಟಿತು. ಆಕಾಶವೇನೂ ಕಳಚಿ ಬೀಳಲಿಲ್ಲ. “ಹೀಗೆ ಮಾಡಬಹುದು ಅಂತ ನಮಗೆ ಯಾರೂ ಹೇಳಲೇ ಇಲ್ಲವಲ್ಲ!” ಎಂದು ಲೇಬರ್ ಸರ್ಕಾರದ ಮಾಜಿ ಮಂತ್ರಿಯೊಬ್ಬ ಹಲುಬಿದನಂತೆ. ಪೌಂಡ್ ಇಳಿಯಿತು. ಮುಂದಿನ ಜೂನಿಗೆ ಬ್ಯಾಂಕ್ ಬಡ್ಡಿ 6ರಿಂದ ಶೇಕಡಾ 2ಕ್ಕೆ ಬಂತು. ಲಂಡನ್ ಸುತ್ತ ಹೊಸ ಮನೆಗಳ ಸಾಲು ಎದ್ದಿತು. ಹಡಗು ಕಟ್ಟುವ ಜ್ಯಾರೋದಂಥ ಊರಿಗೆ ಮಾತ್ರ ಈ ಅಗ್ಗದ ಬಡ್ಡಿ ಮುಟ್ಟಲಿಲ್ಲ. 1936ರಲ್ಲಿ ಅಲ್ಲಿಂದ ಇನ್ನೂರು ಜನ ಕೆಲಸ ಕೇಳಿಕೊಂಡು ಲಂಡನ್ನಿಗೆ ನಡೆದೇ ಬಂದರು.

ಈ ಕಥೆಯ ಒಂದು ಎಳೆ ನಮ್ಮ ಕಡೆಗೂ ಬರುತ್ತದೆ. ರೂಪಾಯಿಯನ್ನು ಪೌಂಡಿಗೆ ಕಟ್ಟಿಹಾಕಿದ್ದರು, ಒಂದು ರೂಪಾಯಿಗೆ ಒಂದು ಶಿಲ್ಲಿಂಗ್ ಆರು ಪೆನ್ಸ್. 1927ರ ಕಾನೂನಿನ ಪ್ರಕಾರ ತೊಲ ಚಿನ್ನಕ್ಕೆ 21 ರೂಪಾಯಿ 3 ಆಣೆ 10 ಪೈ. ಪೌಂಡ್ ಬಿದ್ದಾಗ ರೂಪಾಯಿಯೂ ಜೊತೆಗೇ ಬಿತ್ತು, ಬಜಾರಿನಲ್ಲಿ ಚಿನ್ನದ ರೇಟು ಏರಿತು. ಅದೇ ಹೊತ್ತಿಗೆ ಬೆಳೆಯ ಬೆಲೆ ನೆಲ ಕಚ್ಚಿತ್ತು. ಕಂದಾಯ ಕಟ್ಟಬೇಕು, ಸಾಹುಕಾರನ ಬಡ್ಡಿ ತೀರಿಸಬೇಕು. ರೈತರ ಮನೆಯ ಬಳೆ, ಸರ, ಓಲೆಗಳು ತಕ್ಕಡಿ ಹತ್ತಿದವು. ಕರಗಿ ಗಟ್ಟಿಯಾಗಿ, ಬೊಂಬಾಯಿಯ ಬಂದರಿನಿಂದ ಹಡಗಿಗೆ ಹಡಗೇ ಲಂಡನ್ನಿನ ದಾರಿ ಹಿಡಿದವು.