ಪದ ಪರಿಚಯ: ಒಲಿಂಪಿಯಾಡ್

ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಈಚೆಗೆ ಒಂದು ಒಳ್ಳೆ ಸುದ್ದಿ ಬಂತು. ಪೋಲೆಂಡ್‌ನ ವ್ರೊತ್ಸ್ವಾಫ್ ಊರಲ್ಲಿರುವ ನನ್ನ ಚಿಕ್ಕಮ್ಮನ ಮೊಮ್ಮಗಳು ಅಲ್ಲಿನ ಇಂಗ್ಲಿಷ್ ಒಲಿಂಪಿಯಾಡ್‌ನ ಎರಡನೇ ಹಂತ ತಲುಪಿದ್ದಾಳೆ. ಓದುವುದು ಪೋಲಿಷ್ ಮಾಧ್ಯಮದಲ್ಲಿ. ಮನೆಯಲ್ಲಿ ಕನ್ನಡ, ಗೆಳತಿಯರ ಜೊತೆ ಪೋಲಿಷ್. ಅರ್ಧ ಗಂಟೆಯೊಳಗೆ ಒಬ್ಬರು "ಒಲಿಂಪಿಕ್ಸ್‌ಗೆ ನಮ್ಮ ಹುಡುಗಿ!" ಅಂತ ಸ್ಟೇಟಸ್ ಹಾಕಿದರು. ಇನ್ನೊಬ್ಬರು "ನಮ್ಮ ಪುಟ್ಟನೂ ಎರಡನೇ ಕ್ಲಾಸಲ್ಲೇ ಇಂಗ್ಲಿಷ್ ಒಲಿಂಪಿಯಾಡ್‌ನಲ್ಲಿ ಗೋಲ್ಡ್ ಮೆಡಲ್ ತಗೊಂಡ" ಅಂತ ಫೋಟೊ ಕಳಿಸಿದರು. ಇಬ್ಬರೂ ಪ್ರೀತಿಯಿಂದಲೇ ಬರೆದದ್ದು. ಆದರೆ ಈ ಪದ ಹೀಗೆ ಹಿಗ್ಗಾಮುಗ್ಗಾ ಬಳಕೆಯಾಗುವುದನ್ನು ನೋಡಿ ನೋಡಿ ಸಾಕಾಗಿದೆ. ಆ ಹುಡುಗಿ ಏನು ಮಾಡಿದಳು ಅನ್ನುವುದೇ ಈ ಗಲಾಟೆಯಲ್ಲಿ ಕಳೆದುಹೋಯಿತು.

ಮೊದಲು ಒಲಿಂಪಿಕ್ಸ್ ಗೊಂದಲ. ಹಳೆ ಗ್ರೀಕರಲ್ಲಿ ಒಲಿಂಪಿಯಾಡ್ ಅಂದರೆ ಬರೀ ಆಟ ಅಲ್ಲ, ಕಾಲವೂ ಹೌದು. ಒಂದು ಕ್ರೀಡಾಕೂಟದಿಂದ ಮುಂದಿನ ಕೂಟದವರೆಗಿನ ನಾಲ್ಕು ವರ್ಷದ ಅವಧಿ. ಪದದ ಕೊನೆಯಲ್ಲಿರುವ 'ಆಡ್' ಒಂದು ಗುಂಪನ್ನು, ಒಂದು ಎಣಿಕೆಯನ್ನು ಹೇಳುವ ಪ್ರತ್ಯಯ. ಹತ್ತರ ಗುಂಪಿಗೆ ಗ್ರೀಕರು ಹೇಳುತ್ತಿದ್ದ ಪದದಿಂದಲೇ ಇಂಗ್ಲಿಷಿನ ಡಿಕೇಡ್ ಬಂದದ್ದು. ಹತ್ತು ಸಾವಿರಕ್ಕೆ ಹೇಳುತ್ತಿದ್ದ ಪದದಿಂದ ಮಿರಿಯಡ್ ಬಂತು. ಅದೇ ಸಾಲಿನಲ್ಲಿ ಒಲಿಂಪಿಯಾಡ್.

ನಮ್ಮ ಶಾಸನಗಳಲ್ಲಿ ಸಂವತ್ಸರದ ಹೆಸರು ಹೇಳಿ ಕಾಲ ಗುರುತಿಸುತ್ತಾರಲ್ವಾ? ಗ್ರೀಕ್ ಇತಿಹಾಸಕಾರರು ಹಾಗೆಯೇ "ಎಂಬತ್ತನೇ ಒಲಿಂಪಿಯಾಡಿನ ಮೊದಲ ವರ್ಷ" ಅಂತ ಬರೆಯುತ್ತಿದ್ದರು. ಮೊದಲನೆಯದನ್ನು ಕ್ರಿಸ್ತಪೂರ್ವ 776ಕ್ಕೆ ಹಚ್ಚುತ್ತಾರೆ. ಅಲ್ಲಿಂದ ಎಣಿಸಿದರೆ ಎಂಬತ್ತನೆಯದು ಶುರುವಾಗುವುದು ಕ್ರಿಸ್ತಪೂರ್ವ 460ಕ್ಕೆ. ನಮ್ಮ ಅರವತ್ತು ಸಂವತ್ಸರ ಸುತ್ತಿ ಮತ್ತೆ ಪ್ರಭವಕ್ಕೆ ಬರುತ್ತವೆ. ಅವರದು ಹಿಂದೆ ತಿರುಗುವುದಿಲ್ಲ, ಎಣಿಕೆ ಏರುತ್ತಲೇ ಹೋಗುತ್ತದೆ. ಇನ್ನೊಂದು ಮಾತು. ಆಟ ನಡೆಯುತ್ತಿದ್ದ ಒಲಿಂಪಿಯಾ ಬೇರೆ, ದೇವತೆಗಳ ಒಲಿಂಪಸ್ ಬೆಟ್ಟ ಬೇರೆ. ಒಂದು ಗ್ರೀಸ್‌ನ ದಕ್ಷಿಣಕ್ಕೆ, ಇನ್ನೊಂದು ಉತ್ತರಕ್ಕೆ. ಬೆಟ್ಟದ ದೇವರು ಜ್ಯೂಸ್‌ನ ಗುಡಿ ಒಲಿಂಪಿಯಾದಲ್ಲಿ ಇದ್ದದ್ದಕ್ಕೆ ಹೆಸರು ಒಂದೇ ಥರ ಕೇಳುತ್ತದೆ.

ಈ ಹಳೆ ಅರ್ಥ ಸತ್ತಿಲ್ಲ. 1916ರಲ್ಲಿ, 1940ರಲ್ಲಿ, 1944ರಲ್ಲಿ ಯುದ್ಧದ ಕಾರಣ ಕೂಟ ನಡೆಯಲಿಲ್ಲ. ಆದರೂ 6, 12, 13 ಅನ್ನುವ ಸಂಖ್ಯೆಗಳು ಅವಕ್ಕೇ ಸೇರಿವೆ. ಆಟ ನಿಂತರೂ ನಾಲ್ಕು ವರ್ಷ ನಿಲ್ಲುವುದಿಲ್ಲವಲ್ಲ! ಟೋಕಿಯೊ ಕೂಟ 2021ಕ್ಕೆ ಮುಂದೆ ಹೋದರೂ ಅದು 32ನೇ ಒಲಿಂಪಿಯಾಡಿನ ಕ್ರೀಡಾಕೂಟವೇ. 2024ರ ಪ್ಯಾರಿಸ್‌ನದು 33ನೆಯದು. ಚಳಿಗಾಲದ ಕೂಟಗಳಿಗೆ ಈ ಲೆಕ್ಕ ಇಲ್ಲ. ಅಲ್ಲಿ ನಡೆದಷ್ಟನ್ನು ಮಾತ್ರ ಎಣಿಸುತ್ತಾರೆ.

ಪೋಲಿಷ್ ಜನರಿಗೂ ಈ ತಲೆನೋವು ಇದೆ. ಅವರ ಭಾಷೆಯಲ್ಲಿ ಕ್ರೀಡಾಕೂಟಕ್ಕೆ 'ಇಗ್‌ಝಿಸ್ಕಾ' ಅನ್ನುವ ಬೇರೆ ಪದವೇ ಇದೆ. ಆದರೆ ಮಾತಿನಲ್ಲಿ ಎಲ್ಲರೂ ಕೂಟಕ್ಕೂ 'ಒಲಿಂಪ್ಯಾದಾ' ಅಂದುಬಿಡುತ್ತಾರೆ. ಶುದ್ಧ ಭಾಷೆಯವರು ಅದು ಕಾಲದ ಹೆಸರು ಅಂತ ತಿದ್ದುತ್ತಾ ಬಂದಿದ್ದಾರೆ. ಈಗ ನಿಘಂಟುಗಳೂ ಕೂಟದ ಅರ್ಥವನ್ನು ಒಪ್ಪಿಕೊಂಡಿವೆ. ಹಾಗಾಗಿ ಇಂಗ್ಲಿಷ್ ಕಲಿಯುವ ಪೋಲಿಷ್ ಮಕ್ಕಳು ಟಿವಿಯಲ್ಲಿ ನೋಡಿದ ಓಟದ ಬಗ್ಗೆ ಬರೆಯುವಾಗ 'ಒಲಿಂಪಿಯಾಡ್ ನೋಡಿದೆ' ಅಂತ ಬರೆದುಬಿಡುತ್ತಾರೆ. ಇಂಗ್ಲಿಷಿನಲ್ಲಿ ಅಲ್ಲಿ ಒಲಿಂಪಿಕ್ಸ್ ಬರಬೇಕು. ಪರೀಕ್ಷೆಯ ಹೆಸರೇ ಪರೀಕ್ಷೆಯಲ್ಲಿ ಎಡವಿಸುತ್ತದೆ.

ಇಂಥ ಪದಗಳಿಗೆ ಇಂಗ್ಲಿಷ್ ಮೇಷ್ಟ್ರುಗಳು 'ಸುಳ್ಳು ಗೆಳೆಯರು' ಅನ್ನುತ್ತಾರೆ. ನೋಡಲು ಗುರುತಿನ ಮುಖ, ಅರ್ಥ ಮಾತ್ರ ಬೇರೆ. ಪೋಲಿಷ್‌ನಲ್ಲಿ ಇವು ರಾಶಿ ಇವೆ. 'ಎವೆಂತುವಾಲ್ನಿಯೆ' ಅಂದರೆ 'ಬೇಕಾದರೆ, ಆದರೂ ಆಗಬಹುದು' ಅಂತ. ಇಂಗ್ಲಿಷಿನ ಇವೆಂಚುವಲಿ ಅಂದರೆ 'ಕೊನೆಗೂ ಆಯಿತು' ಅಂತ. 'ಅಕ್ತುವಾಲ್ನಿಯೆ' ಅಂದರೆ ಸದ್ಯಕ್ಕೆ, ಆದರೆ ಆಕ್ಚುವಲಿ ಅಂದರೆ ನಿಜವಾಗಿ. 'ಲುನಾತಿಕ್' ನಿದ್ದೆಯಲ್ಲಿ ನಡೆಯುವವನು. ಇಂಗ್ಲಿಷಿನಲ್ಲಿ ಯಾರಿಗಾದರೂ ಹಾಗೆ ಅಂದರೆ ಬೈಗುಳವಾಗುತ್ತದೆ. ನಮಗೆ ಈ ಕಷ್ಟ ಗೊತ್ತು. ನಮ್ಮ 'ಶಿಕ್ಷೆ' ಹಿಂದಿಯಲ್ಲಿ ಓದು. ನಮ್ಮ 'ಉಪನ್ಯಾಸ' ಅವರಿಗೆ ಕಾದಂಬರಿ. ನಮ್ಮ 'ಅವಸರ' ಅವರಿಗೆ ಅವಕಾಶ. ಹಿಂದಿ ಬರುತ್ತೆ ಅಂದುಕೊಂಡು ಹೋದವರು ಸಿಕ್ಕಿಬೀಳುವುದು ಇಲ್ಲೇ. ಗೊತ್ತಿಲ್ಲದ ಪದಕ್ಕೆ ನಿಘಂಟು ತೆರೆಯುತ್ತೇವೆ, ಗೊತ್ತಿದೆ ಅನ್ನಿಸಿದ ಪದಕ್ಕೆ ತೆರೆಯುವುದಿಲ್ಲ.

ಇನ್ನು ಪುಟ್ಟನ ಗೋಲ್ಡ್ ಮೆಡಲ್. ಶಾಲೆ ವಿಷಯಗಳ ಸ್ಪರ್ಧೆಗೆ ಒಲಿಂಪಿಯಾಡ್ ಅನ್ನುವ ಹೆಸರು ಗಟ್ಟಿಯಾಗಿ ಅಂಟಿದ್ದು ಸೋವಿಯತ್ ರಷ್ಯಾದಲ್ಲಿ. ಲೆನಿನ್‌ಗ್ರಾಡ್‌ನಲ್ಲಿ 1934ರಲ್ಲಿ, ಮಾಸ್ಕೋದಲ್ಲಿ 1935ರಲ್ಲಿ ಗಣಿತದ ಒಲಿಂಪಿಯಾಡ್‌ಗಳು ನಡೆದವು. ಪೋಲೆಂಡ್‌ನ ಗಣಿತ ಒಲಿಂಪಿಯಾಡ್ ಶುರುವಾದದ್ದು 1949-50ರ ಶಾಲಾ ವರ್ಷದಲ್ಲಿ. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ 1959ರಲ್ಲಿ ರೊಮೇನಿಯಾದಲ್ಲಿ ಮೊದಲ ಸಲ ನಡೆದಾಗ ಬಂದ ಏಳು ದೇಶಗಳಲ್ಲಿ ಪೋಲೆಂಡ್ ಕೂಡ ಒಂದು. ಭೌತಶಾಸ್ತ್ರದ ಮೊದಲ ಅಂತರರಾಷ್ಟ್ರೀಯ ಒಲಿಂಪಿಯಾಡ್ 1967ರಲ್ಲಿ ನಡೆದದ್ದು ವಾರ್ಸಾದಲ್ಲೇ. ಹೀಗೆ ಈ ಪದಕ್ಕೆ ಅಲ್ಲಿ ದೊಡ್ಡ ಇತಿಹಾಸ ಇದೆ. ನಾಲ್ಕು ವರ್ಷದ ಅರ್ಥ ಈ ದಾರಿಯಲ್ಲಿ ಬಿದ್ದುಹೋಯಿತು. ಇವು ಪ್ರತಿ ವರ್ಷ ನಡೆಯುತ್ತವೆ. 2022ರಲ್ಲಿ ಚೆನ್ನೈ ಹತ್ತಿರ ನಡೆದ ಚೆಸ್ ಒಲಿಂಪಿಯಾಡ್ ಎರಡು ವರ್ಷಕ್ಕೊಮ್ಮೆಯದು. ಅದಕ್ಕೆ ನನ್ನ ತಕರಾರಿಲ್ಲ, ಪದದ ಅರ್ಥ ಬದಲಾಗುವುದು ಸಹಜ.

ತಕರಾರು ಇರುವುದು ಯಾವ ಪರೀಕ್ಷೆಗೆ ಬೇಕಾದರೂ ಈ ಹೆಸರು ಅಂಟಿಸುವುದಕ್ಕೆ. ಪೋಲೆಂಡ್‌ನಲ್ಲಿ ಯಾರು ಬೇಕಾದರೂ ಒಂದು ಪ್ರಶ್ನೆಪತ್ರಿಕೆ ಮಾಡಿ ಒಲಿಂಪಿಯಾಡ್ ಅಂತ ಹೆಸರಿಟ್ಟರೆ ಅದಕ್ಕೆ ಶಾಲೆಯಲ್ಲಿ ಬೆಲೆ ಸಿಗುವುದಿಲ್ಲ. 2002ರ ಸರ್ಕಾರಿ ನಿಯಮವೇ ಇದೆ. ಅದರ ಹೆಸರಲ್ಲೇ ಮೂರು ಪದ: 'ಕೊಂಕುರ್ಸ್', 'ತುರ್ನ್ಯೇಯ್', 'ಒಲಿಂಪ್ಯಾದಾ'. ಮೂರನ್ನೂ ನಾವು ಕನ್ನಡದಲ್ಲಿ ಸ್ಪರ್ಧೆ ಅಂದುಬಿಡುತ್ತೇವೆ. ಅವರಿಗೆ ಮೂರೂ ಬೇರೆ ಬೇರೆ. ಒಲಿಂಪ್ಯಾದಾಕ್ಕೆ ಮೂರು ಹಂತ. ಮೊದಲನೆಯದು ಶಾಲೆಯಲ್ಲೇ, ಎರಡನೆಯದು ವಲಯ ಮಟ್ಟದಲ್ಲಿ, ಮೂರನೆಯದು ಇಡೀ ದೇಶಕ್ಕೆ ಒಂದೇ. ಪ್ರಶ್ನೆಗಳು ಶಾಲೆಯ ಪಠ್ಯ ದಾಟಿ ಹೋಗುತ್ತವೆ.

ಮೂರನೇ ಹಂತದಲ್ಲಿ ಗೆದ್ದವರಿಗೂ ಫೈನಲಿಸ್ಟ್‌ಗಳಿಗೂ ಸಿಗುವುದೇನು ಗೊತ್ತಾ? ಮಾತುರಾದಲ್ಲಿ ಆ ವಿಷಯದ ಪರೀಕ್ಷೆಯನ್ನೇ ಬರೆಯಬೇಕಿಲ್ಲ, ನೂರಕ್ಕೆ ನೂರು. ಮಾತುರಾ ಅಂದರೆ ಶಾಲೆ ಮುಗಿಸುವ ದೊಡ್ಡ ಪರೀಕ್ಷೆ, ನಮ್ಮ ಎರಡನೇ ಪಿಯುಸಿ ಇದ್ದ ಹಾಗೆ. ಅಲ್ಲಿ ವಿದೇಶಿ ಭಾಷೆ ಕಡ್ಡಾಯ, ಪಾಸಾಗಲು ನೂರಕ್ಕೆ ಮೂವತ್ತು ಬೇಕು. ಮೇ ತಿಂಗಳಲ್ಲಿ ಚೆಸ್ಟ್‌ನಟ್ ಮರಗಳು ಹೂ ಬಿಟ್ಟರೆ ಮಾತುರಾ ಬಂತು ಅಂತ ಅಲ್ಲಿಯ ಜನ ಹೇಳುತ್ತಾರೆ. ಆ ಆತಂಕದಿಂದ ಒಂದು ವಿಷಯವಾದರೂ ಕಳಚಿಕೊಳ್ಳುತ್ತದೆ ಅಂದರೆ ಮಕ್ಕಳು ಯಾಕೆ ಇಷ್ಟು ಒದ್ದಾಡುತ್ತಾರೆ ಅಂತ ಅರ್ಥ ಆಗುತ್ತದೆ.

ನಮ್ಮಲ್ಲೂ ಈ ಪದಕ್ಕೆ ಗಟ್ಟಿ ಅರ್ಥ ಇದೆ. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಖಗೋಳಶಾಸ್ತ್ರದಂಥ ವಿಷಯಗಳಲ್ಲಿ ನಡೆಸುವ ಒಲಿಂಪಿಯಾಡ್‌ಗಳು ನಿಜವಾದ ಸೋಸುವಿಕೆ. ಹಂತ ಹಂತವಾಗಿ ಸೋಸಿ ಕೊನೆಗೆ ಕೆಲವೇ ಮಕ್ಕಳ ತಂಡ ಹೊರದೇಶಕ್ಕೆ ಹೋಗುತ್ತದೆ. ಆ ಪಟ್ಟಿಯಲ್ಲಿ ಇಂಗ್ಲಿಷ್ ಇಲ್ಲ. ಪುಟ್ಟನ ಶಾಲೆಯಲ್ಲಿ ಆದದ್ದು ಫೀಸ್ ಕಟ್ಟಿಸಿಕೊಂಡು ಖಾಸಗಿಯವರು ನಡೆಸುವ, ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆ. ಅದರಿಂದ ಮಗುವಿಗೆ ಅಭ್ಯಾಸ ಆಗುತ್ತದೆ, ಆಗಲಿ. ಅವನು ಚುರುಕು ಹುಡುಗ. ಆದರೆ ಕ್ಲಾಸಿನಲ್ಲೇ ಹಲವರಿಗೆ ಗೋಲ್ಡ್ ಮೆಡಲ್ ಬರುವ ಪರೀಕ್ಷೆಗೂ ಇಡೀ ದೇಶ ಸೋಸುವ ಪರೀಕ್ಷೆಗೂ ಒಂದೇ ಹೆಸರಿಟ್ಟರೆ, ಎರಡನೆಯದರ ಶ್ರಮ ಯಾರಿಗೂ ಕಾಣುವುದಿಲ್ಲ. ಮೊದಲನೆಯದಕ್ಕೆ 'ಇಂಗ್ಲಿಷ್ ಸ್ಪರ್ಧೆ' ಅಂದರೆ ಸಾಕು.

ಆಮೇಲೆ ಚಿಕ್ಕಮ್ಮನೇ ಫೋನ್ ಮಾಡಿದರು. "ಅಲ್ಲ ಕಣೋ, ಇಂಗ್ಲಿಷ್ ಪರೀಕ್ಷೆಗೆ ಇವಳು ಯಾಕೆ ರಾಜ ರಾಣಿ ಕಥೆ, ಅಮೆರಿಕದ ಭೂಗೋಳ ಎಲ್ಲ ಓದ್ತಾ ಕೂತಿರ್ತಾಳೆ? ಇದು ಜಿಕೆ ಅಲ್ವಾ?" ಅಂತ. ಬಹಳ ಒಳ್ಳೆ ಪ್ರಶ್ನೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. ಅಲ್ಲಿನ ಇಂಗ್ಲಿಷ್ ಒಲಿಂಪಿಯಾಡ್ ವ್ಯಾಕರಣ, ಪದಗಳ ಜೊತೆಗೆ ಇಂಗ್ಲಿಷ್ ಮಾತಾಡುವ ದೇಶಗಳ ಇತಿಹಾಸ, ಸಾಹಿತ್ಯ, ಜನಜೀವನವನ್ನೂ ಕೇಳುತ್ತದೆ. ಪೋಲಿಷ್‌ನಲ್ಲಿ ಇಂಥ ಸಂಗತಿಗಳನ್ನು 'ರೆಆಲಿಯಾ' ಅಂತಾರೆ. ಒಂದು ನಾಡಿನ ಬದುಕಿನಲ್ಲಿ ಬೆರೆತ ಸಂಗತಿಗಳು, ಅಷ್ಟೇ. ಜಿಕೆಯಲ್ಲಿ ರಾಜಧಾನಿಯ ಹೆಸರು ಬಾಯಿಪಾಠ ಮಾಡಿದರೆ ಮುಗಿಯಿತು. ರೆಆಲಿಯಾ ಗೊತ್ತಿಲ್ಲದಿದ್ದರೆ ಎದುರಿಗಿರುವ ವಾಕ್ಯವೇ ತಪ್ಪಾಗಿ ಅರ್ಥವಾಗುತ್ತದೆ.

ಒಂದು ಉದಾಹರಣೆ. 'ಕ್ರಿಸ್ಮಸ್ ಡಿನ್ನರ್' ಅನ್ನುವ ಎರಡು ಪದ ಪೋಲಿಷ್ ಹುಡುಗಿಗೆ ಕಷ್ಟವೇ ಅಲ್ಲ. ಆದರೆ ಅವಳ ಕಣ್ಣ ಮುಂದೆ ಬರುವುದು ಡಿಸೆಂಬರ್ 24ರ ಸಂಜೆ. ಆಕಾಶದಲ್ಲಿ ಮೊದಲ ನಕ್ಷತ್ರ ಕಂಡ ಮೇಲೆ ಊಟಕ್ಕೆ ಕೂರುವುದು, ಮಾಂಸ ಇಲ್ಲದ ಹನ್ನೆರಡು ಬಗೆ ಅಡುಗೆ, ಕಾರ್ಪ್ ಮೀನು. ಇಂಗ್ಲೆಂಡ್‌ನಲ್ಲಿ ಅದು 25ರ ಹಗಲೂಟ, ನಡುವೆ ಟರ್ಕಿ ಕೋಳಿ. ಕಥೆಯಲ್ಲಿ 'ಕ್ರಿಸ್ಮಸ್ ಡಿನ್ನರ್ ಮುಗಿಸಿ ಹಗಲು ಬೆಳಕಲ್ಲೇ ಅಡ್ಡಾಡಲು ಹೋದರು' ಅಂತ ಇದ್ದರೆ ಅವಳು ತಬ್ಬಿಬ್ಬಾಗುತ್ತಾಳೆ. ಇದನ್ನು ಯಾವ ವ್ಯಾಕರಣವೂ ಬಿಡಿಸುವುದಿಲ್ಲ.

'ಪಬ್ಲಿಕ್ ಸ್ಕೂಲ್' ಇನ್ನೂ ತಮಾಷೆ. ಪೋಲೆಂಡ್‌ನಲ್ಲಿ 'ಪುಬ್ಲಿಚ್ನಾ' ಶಾಲೆ ಅಂದರೆ ಸರ್ಕಾರದ್ದು. ಅಮೆರಿಕದಲ್ಲೂ ಹಾಗೇ. ಇಂಗ್ಲೆಂಡ್‌ನಲ್ಲಿ ಅದು ತುಂಬಾ ಫೀಸಿನ, ಹಳೆ ಹೆಸರಿನ ಖಾಸಗಿ ಶಾಲೆ. ನಮ್ಮಲ್ಲಿ ಎರಡೂ ಇದೆ. ಖಾಸಗಿಯವರೂ ಬೋರ್ಡಿನ ಮೇಲೆ ಪಬ್ಲಿಕ್ ಸ್ಕೂಲ್ ಅಂತ ಬರೆಸುತ್ತಾರೆ, ಕರ್ನಾಟಕ ಪಬ್ಲಿಕ್ ಸ್ಕೂಲ್ ಮಾತ್ರ ಸರ್ಕಾರದ್ದೇ. ಮನೆಯ ಮಹಡಿ ಲೆಕ್ಕವೂ ಇದೇ ಥರ. ಪೋಲೆಂಡ್‌ನಲ್ಲಿ ನೆಲಮಟ್ಟಕ್ಕೆ 'ಪಾರ್ತೆರ್', ಅದರ ಮೇಲಿನದು ಒಂದನೇ ಮಹಡಿ. ಇಂಗ್ಲೆಂಡಿಗೆ ಇದು ಸರಿಹೊಂದುತ್ತದೆ. ಅಮೆರಿಕದಲ್ಲಿ ನೆಲಮಟ್ಟವೇ ಒಂದನೇ ಮಹಡಿ.

ನಾವು ಇದನ್ನು ಜಿಕೆ ಅಂದುಕೊಳ್ಳುವುದಕ್ಕೆ ಕಾರಣ ಇದೆ. ನಮಗೆ ಇಂಗ್ಲಿಷ್ ಒಂಟಿಯಾಗಿ ಬರಲಿಲ್ಲ. ಕೋರ್ಟು, ಕಲೆಕ್ಟರು, ಬೆಂಚು, ಬ್ಯಾಟು ಎಲ್ಲದರ ಜೊತೆ ಬಂತು. ಬಾಕ್ಸಿಂಗ್ ಡೇ ಡಿಸೆಂಬರ್ 26 ಅಂತ ನಮ್ಮ ಹಳ್ಳಿ ಹುಡುಗನಿಗೂ ಗೊತ್ತು, ಮೆಲ್ಬರ್ನ್‌ನ ಟೆಸ್ಟ್ ಮ್ಯಾಚ್‌ನಿಂದಾಗಿ. ಪೋಲೆಂಡನ್ನು ಹಂಚಿಕೊಂಡು ಆಳಿದವರು ರಷ್ಯಾ, ಪ್ರಷ್ಯಾ, ಆಸ್ಟ್ರಿಯಾದವರು, 1795ರಿಂದ 1918ರವರೆಗೆ. ಬ್ರಿಟಿಷರು ಅಲ್ಲಿ ಆಳಲಿಲ್ಲ. ಎರಡನೇ ಮಹಾಯುದ್ಧದ ನಂತರ ಕಮ್ಯುನಿಸ್ಟ್ ಆಡಳಿತದಲ್ಲಿ ಶಾಲೆಯಲ್ಲಿ ರಷ್ಯನ್ ಕಡ್ಡಾಯವಾಗಿತ್ತು. 1989ರ ಬದಲಾವಣೆಯ ಹೊತ್ತಿಗೆ ಆ ಕಡ್ಡಾಯ ಹೋಯಿತು. ಇಂಗ್ಲಿಷ್ ಮುಂದೆ ಬಂತು. 2004ರ ಮೇ 1ರಂದು ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಬ್ರಿಟನ್‌ಗೆ ಕೆಲಸಕ್ಕೆ ಹೋದ ಪೋಲಿಷ್ ಜನ ಲೆಕ್ಕವಿಲ್ಲ. ಅಲ್ಲಿಯ ಮಗುವಿಗೆ ಬಾಕ್ಸಿಂಗ್ ಡೇ ಮನೆಯ ಟಿವಿಯಿಂದ ಬರುವುದಿಲ್ಲ, ಕೂತು ಓದಬೇಕು. ಹಾಗಾಗಿ ಅವರ ಪರೀಕ್ಷೆ ಭಾಷೆಯನ್ನೂ ಅದರ ನಾಡನ್ನೂ ಒಟ್ಟಿಗೆ ಕೇಳುವುದು ನನಗೆ ಸರಿ ಕಾಣುತ್ತದೆ.

ಇನ್ನೊಂದು ಬೆರಕೆ ಇದೆ, ಬೇಗ ಹೇಳಿಬಿಡುತ್ತೇನೆ. ಭಾಷಾವಿಜ್ಞಾನ ಒಲಿಂಪಿಯಾಡ್ ಅಂತ ಬೇರೆಯೇ ಇದೆ. 2009ರ ಅಂತರರಾಷ್ಟ್ರೀಯ ಕೂಟ ನಡೆದದ್ದು ಇದೇ ವ್ರೊತ್ಸ್ವಾಫ್‌ನಲ್ಲಿ, 2016ರದ್ದು ನಮ್ಮ ಮೈಸೂರಿನಲ್ಲಿ. ಅಲ್ಲಿ ಯಾವ ಭಾಷೆ ಬರುತ್ತೆ ಅಂತ ಕೇಳುವುದಿಲ್ಲ. ಹೆಸರೇ ಕೇಳದ ಭಾಷೆಯ ಒಂದಷ್ಟು ವಾಕ್ಯ ಕೊಟ್ಟು, ಅದರ ನಿಯಮ ನೀವೇ ಹುಡುಕಿ ಅನ್ನುತ್ತಾರೆ. ಪೂರ್ತಿ ತರ್ಕದ ಆಟ. ಮೈಸೂರಿನ ಕೂಟವನ್ನು 'ಭಾಷಾ ಪ್ರಾವೀಣ್ಯ ಪರೀಕ್ಷೆ' ಅಂತ ಕರೆದರೆ ಪೂರಾ ಉಲ್ಟಾ ಆಗುತ್ತದೆ.

ಈ ಹುಡುಗಿ ಮೂರನೇ ಹಂತಕ್ಕೂ ಹೋದರೆ ಇನ್ನೆರಡು ಪದ ಬರುತ್ತವೆ, ಈಗಲೇ ಹೇಳಿಡುತ್ತೇನೆ. ಅಲ್ಲಿ 'ಫಿನಾಲಿಸ್ತಾ' ಅಂದರೆ ಕ್ರಿಕೆಟ್‌ನ ಹಾಗೆ ಕೊನೆಗೆ ಉಳಿದ ಇಬ್ಬರಲ್ಲಿ ಒಬ್ಬಳು ಅಂತ ಅಲ್ಲ. ಕೊನೆಯ ಹಂತದಲ್ಲಿ ಇರುವವರು ಹಲವರು. ಅವರಲ್ಲೂ ಮೇಲಿನ ಸಾಲಿನವರು 'ಲಾಉರೆಆತ್', ಅದು ಗೆದ್ದವರಿಗೆ ತೊಡಿಸುತ್ತಿದ್ದ ಲಾರೆಲ್ ಎಲೆಯ ಕಿರೀಟದಿಂದ ಬಂದ ಪದ. ಎರಡಕ್ಕೂ 'ವಿಜೇತೆ' ಅಂತ ಸ್ಟೇಟಸ್ ಹಾಕಬೇಡಿ. ಸದ್ಯಕ್ಕೆ ಅವಳು ಎರಡನೇ ಹಂತದಲ್ಲಿದ್ದಾಳೆ.