ಬರೆದರೆ ನೋವು ಹೊರಗೆ ಹೋಗುತ್ತಾ?

"ಬರೆದುಬಿಡು, ಮನಸ್ಸು ಹಗುರ ಆಗುತ್ತೆ." ದೊಡ್ಡ ಪೆಟ್ಟು ತಿಂದವರಿಗೆ ಎಲ್ಲರೂ ಪುಕ್ಕಟೆಯಾಗಿ ಕೊಡುವ ಸಲಹೆ ಇದು. ಮನಸ್ಸು ಒಂದು ಕುಕ್ಕರ್, ನೋವು ಒಳಗಿನ ಹಬೆ, ಕವಿತೆ ಅಂದರೆ ಸೀಟಿ. ಒಮ್ಮೆ ಕೂಗಿಸಿದರೆ ಸಾಕು ಅನ್ನುವ ನಂಬಿಕೆ. ಕೇಳೋಕೆ ಚೆನ್ನಾಗಿದೆ, ಆದರೆ ಪ್ರಯೋಗದಲ್ಲಿ ಕಂಡದ್ದು ಬೇರೆ.

1986ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 46 ಕಾಲೇಜು ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಸಿದ ಪ್ರಯೋಗದ ವರದಿ ಪ್ರಕಟಿಸಿದರು. ಕೆಲವರಿಗೆ ಚಿಲ್ಲರೆ ವಿಷಯ ಕೊಟ್ಟಿದ್ದರು. ಉಳಿದವರು ತಮ್ಮ ಬದುಕಿನ ಕಹಿ ಘಟನೆಯನ್ನು ಬರೆಯಬೇಕಿತ್ತು. ನೋವನ್ನು ಮನಬಿಚ್ಚಿ ಬರೆದವರು ಹಗುರವಾಗಿ ಎದ್ದು ಬಂದರಾ? ಇಲ್ಲ. ಬೇಜಾರು ಹೆಚ್ಚಿತ್ತು, ರಕ್ತದೊತ್ತಡವೂ ಏರಿತ್ತು. ಆದರೆ ಮುಂದಿನ ಆರು ತಿಂಗಳಲ್ಲಿ, ಘಟನೆ ಮತ್ತು ಭಾವನೆ ಎರಡನ್ನೂ ಬೆಸೆದು ಬರೆದವರು ಕಾಲೇಜಿನ ಆಸ್ಪತ್ರೆಗೆ ಹೋದದ್ದು ಕಡಿಮೆ. ಬರೀ ಘಟನೆ ಬರೆದವರಿಗೆ ಆ ಲಾಭ ಸಿಗಲಿಲ್ಲ.

ಹಬೆ ಹೋಗುವುದೇ ಮದ್ದಾಗಿದ್ದರೆ, ಬರೆದ ಕೂಡಲೇ ಹಾಯೆನಿಸಬೇಕಿತ್ತು, ಅಲ್ವಾ?

ನಡೆದದ್ದು ಇನ್ನೇನೋ. ಮಾಮೂಲಿ ನೆನಪಿಗೆ ಜಾಗ, ಹೊತ್ತು, ಹಿಂದುಮುಂದು ಇರುತ್ತದೆ. ಅದನ್ನು ಹೊಂದಿಸಿಡುವ ಕೆಲಸದಲ್ಲಿ ಮಿದುಳಿನ ಹಿಪೊಕ್ಯಾಂಪಸ್ ಅನ್ನುವ ಭಾಗಕ್ಕೆ ದೊಡ್ಡ ಪಾತ್ರ. ಭಯದ ಗಂಟೆ ಬಾರಿಸುವುದು ಅಮಿಗ್ಡಲಾ ಅನ್ನುವ ಇನ್ನೊಂದು ಭಾಗ. ವಿಪರೀತ ಭಯದಲ್ಲಿ ಗಂಟೆ ಜೋರಾಗುತ್ತದೆ, ಹೊಂದಿಸುವ ಕೆಲಸ ಕೆಡುತ್ತದೆ ಅನ್ನುವುದು ಇವತ್ತು ಹೆಚ್ಚಿನವರು ಕೊಡುವ ವಿವರಣೆ. ಹಾಗಾಗಿ ಉಳಿಯುವುದು ಚೂರುಗಳು. ಬೈಕ್ ಅಪಘಾತದಲ್ಲಿ ಬದುಕುಳಿದ ಒಬ್ಬರು ಮೊದಲ ದಿನ ಹೀಗೆ ಬರೆದರು ಅಂದುಕೊಳ್ಳಿ: "ಬ್ರೇಕ್ ಸದ್ದು. ಡೀಸೆಲ್ ವಾಸನೆ. ರಸ್ತೆ ಮೇಲೆ ಒಂಟಿ ಚಪ್ಪಲಿ." ಇದಕ್ಕೆ ದಿನಾಂಕವೇ ಇಲ್ಲ. ವರ್ಷ ಕಳೆದರೂ ಡೀಸೆಲ್ ವಾಸನೆ ಬಂದರೆ ಅಪಘಾತ ಈಗಲೇ ಆಗುತ್ತಿರುತ್ತದೆ. ನಾಲ್ಕನೆಯ ದಿನ: "ರಸ್ತೆ ಒದ್ದೆಯಾಗಿತ್ತು, ಅದಕ್ಕೇ ಜಾರಿತು. ನಾನು ಬ್ರೇಕ್ ಹಾಕಿದ್ದೆ. ನನ್ನದೇ ತಪ್ಪು ಅಂದುಕೊಂಡಿದ್ದೆ." ಕೊನೆಯ ಕ್ರಿಯಾಪದ ನೋಡಿ. ತಪ್ಪಿತಸ್ಥ ಭಾವ ಭೂತಕಾಲಕ್ಕೆ ಸರಿದಿದೆ. ಪೆನ್ನೆಬೇಕರ್ ಮುಂದೆ ಕಂಪ್ಯೂಟರಿನಲ್ಲಿ ಪದ ಎಣಿಸಿದಾಗಲೂ ಇಂಥದ್ದೇ ಕಂಡಿತು. ದಿನದಿಂದ ದಿನಕ್ಕೆ "ಯಾಕೆಂದರೆ", "ಈಗ ಅರ್ಥವಾಯಿತು" ತರಹದ ಮಾತು ಜಾಸ್ತಿ ಆದವರಿಗೆ ಹೆಚ್ಚು ಉಪಯೋಗವಾಗಿತ್ತು.

ಭಾವಕ್ಕೆ ಪದ ಹುಡುಕುವುದೂ ಕೆಲಸ ಮಾಡುತ್ತದೆ. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಅನ್ನುವ ವಿಜ್ಞಾನಿಯ ತಂಡ ಮಿದುಳಿನ ಸ್ಕ್ಯಾನರ್ ಒಳಗಿದ್ದವರಿಗೆ ಕೋಪ, ಭಯದ ಮುಖಗಳನ್ನು ತೋರಿಸಿತು. ಆ ಭಾವಕ್ಕೆ ಪದ ಆರಿಸಿದಾಗ ಅಮಿಗ್ಡಲಾದ ಸದ್ದು ತಗ್ಗಿತು. ಅದೇ ಮುಖಕ್ಕೆ ಸುಮ್ನೆ ಒಂದು ವ್ಯಕ್ತಿಯ ಹೆಸರು ಹೊಂದಿಸಿದಾಗ ಅಷ್ಟು ತಗ್ಗಲಿಲ್ಲ.

ಇನ್ನೊಂದು ಸಲಹೆ ಇದೆಯಲ್ಲ, "ಆಗಿದ್ದು ಆಯ್ತು, ಮರೆತುಬಿಡಮ್ಮ"? ನನಗೆ ಇದರ ಮೇಲೆ ಇನ್ನೂ ಸಿಟ್ಟು. ನಿದ್ದೆಯಲ್ಲಿ ಬೆಚ್ಚುವ ಮಗುವಿಗೆ ತಾಯಿತ, ದೊಡ್ಡವರಿಗೆ ಮರೆವಿನ ಉಪದೇಶ. ಇದನ್ನು 1917ರಲ್ಲೇ ಬ್ರಿಟಿಷ್ ವೈದ್ಯ ಡಬ್ಲ್ಯು. ಎಚ್. ಆರ್. ರಿವರ್ಸ್ ಖಂಡಿಸಿದ್ದರು. ನಮ್ಮ ಪಕ್ಕದ ನೀಲಗಿರಿಯಲ್ಲಿ ತೋಡರ ನಡುವೆ ಅಧ್ಯಯನ ಮಾಡಿ 1906ರಲ್ಲಿ ದಪ್ಪ ಪುಸ್ತಕ ತಂದವರು ಇವರೇ. ಮೊದಲ ಮಹಾಯುದ್ಧದಲ್ಲಿ ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯ ವೈದ್ಯರಾಗಿದ್ದರು. ಹಗಲಿಡೀ ಯುದ್ಧವನ್ನು ಮರೆಯಲು ಹೆಣಗುವ ಸೇನಾಧಿಕಾರಿಗಳಿಗೆ ರಾತ್ರಿ ಅದೇ ಕನಸಾಗಿ ಬರುವುದನ್ನು ಅವರು ಕಂಡರು.

ಅದೇ ಆಸ್ಪತ್ರೆಯಲ್ಲಿ ಕವಿ ವಿಲ್ಫ್ರೆಡ್ ಓವನ್ ಇದ್ದ. ಷೆಲ್ ಸಿಡಿತಕ್ಕೆ ಸಿಕ್ಕಿ, ಸತ್ತ ಸಹೋದ್ಯೋಗಿಯ ದೇಹದ ಪಕ್ಕ ದಿನಗಟ್ಟಲೆ ಬಿದ್ದಿದ್ದವನು. ಅವನ ವೈದ್ಯ ಆರ್ಥರ್ ಬ್ರಾಕ್ "ಅಳು, ಹಗುರಾಗು" ಅನ್ನಲಿಲ್ಲ. ಕೆಲಸ ಕೊಟ್ಟರು! ಆಸ್ಪತ್ರೆಯ ಪತ್ರಿಕೆಯ ಸಂಪಾದನೆ, ನೆಲ ಮುಟ್ಟಿದರೆ ಬಲ ಬರುವ ಗ್ರೀಕ್ ದೈತ್ಯ ಆಂಟಿಯಸ್ ಮೇಲೊಂದು ಕವಿತೆ. ಅಲ್ಲೇ ಚಿಕಿತ್ಸೆಯಲ್ಲಿದ್ದ ಕವಿ ಸೀಗ್‌ಫ್ರೀಡ್ ಸಸೂನ್ ಅವನ ಕರಡುಗಳನ್ನು ತಿದ್ದಿದ. ಒಂದು ಹಸ್ತಪ್ರತಿಯಲ್ಲಿ ಇಬ್ಬರ ಕೈಬರಹವೂ ಇದೆ. ಒಂದು ಪದ ಹೊಡೆದು, ಇನ್ನೊಂದು ಸೇರಿಸಿ, ಛಂದಸ್ಸಿಗೆ ಕೂರಿಸುತ್ತಾ ಹೋದಂತೆ ಕನಸಿನಲ್ಲಿ ಕಾಡುವ ದೃಶ್ಯವನ್ನು ಹಗಲಲ್ಲಿ, ತನ್ನ ಹಿಡಿತದಲ್ಲಿ, ಹತ್ತಾರು ಸಲ ನೋಡಬೇಕಾಗುತ್ತದೆ. ನಮ್ಮ ಬೀಸುವ ಪದಗಳಲ್ಲಿ ತವರು, ಸಾವು, ಅತ್ತೆಮನೆ ಎಲ್ಲವನ್ನೂ ಮೂರು ಸಾಲಿಗೆ ಇಳಿಸಿದ ಹೆಂಗಸರಿಗೂ ಈ ಹಿಡಿತ ಗೊತ್ತಿತ್ತು ಅಂತ ನನ್ನ ಊಹೆ.

ಓವನ್ ಮತ್ತೆ ಯುದ್ಧಕ್ಕೆ ಹೋದ. 1918ರ ನವೆಂಬರ್ 4ರಂದು, ಕದನವಿರಾಮಕ್ಕೆ ಒಂದು ವಾರ ಮೊದಲು ಸತ್ತ. ಆಗ ವಯಸ್ಸು 25.

ಕೆಲವರಿಗೆ ಮಾತೇ ಹೊರಡುವುದಿಲ್ಲ. 1996ರಲ್ಲಿ ಸ್ಕಾಟ್ ರಾಚ್ ತಂಡ ಎಂಟು ರೋಗಿಗಳಿಗೆ ಅವರದೇ ಆಘಾತದ ವಿವರ ಕೇಳಿಸಿ ಮಿದುಳಿನ ಚಿತ್ರ ತೆಗೆದಾಗ, ಮಾತಿಗೆ ಬೇಕಾದ ಬ್ರೋಕಾ ಭಾಗದಲ್ಲಿ ಚಟುವಟಿಕೆ ಕುಸಿದಿತ್ತು. ದೃಶ್ಯದ ಭಾಗ ಚುರುಕಾಗಿತ್ತು. ಚಿತ್ರ ಬಿಡಿಸುವುದರಿಂದ ಶುರುಮಾಡಿ ಆಮೇಲೆ ಮಾತಿಗೆ ಬರುವುದಕ್ಕೆ ಇದೂ ಒಂದು ಕಾರಣ ಇದ್ದೀತು.

ಇದು ಪವಾಡ ಅಲ್ಲ. 2006ರಲ್ಲಿ 146 ಅಧ್ಯಯನಗಳನ್ನು ಒಟ್ಟಿಗೆ ಅಳೆದಾಗ ಬರವಣಿಗೆಯ ಲಾಭ ನಿಜ, ಆದರೆ ಸಣ್ಣದು ಅಂತ ತಿಳಿಯಿತು. ಅವಸರವೂ ಒಳ್ಳೆಯದಲ್ಲ. ಘಟನೆಯಾದ ಕೂಡಲೇ ಒಂದೇ ಸಲ ಕೂರಿಸಿ ಎಲ್ಲ ಹೇಳಿಸುವ ಪದ್ಧತಿ ಮುಂದೆ ಬರುವ ಮಾನಸಿಕ ಕಾಯಿಲೆಯನ್ನು ತಡೆಯಲಿಲ್ಲ. ಸುಟ್ಟಗಾಯದ ರೋಗಿಗಳ ಒಂದು ಅಧ್ಯಯನದಲ್ಲಿ ಅದರಿಂದ ಸ್ಥಿತಿ ಇನ್ನೂ ಕೆಟ್ಟಿತ್ತು. ಹಾಗಾಗಿ ನೆರೆ ಇಳಿದ ಮರುದಿನವೇ ಮಕ್ಕಳ ಮುಂದೆ ಕ್ರೇಯಾನ್ ಸುರಿದು "ನೀರು ಬಂದದ್ದನ್ನು ಬಿಡಿಸಿ" ಅನ್ನುವ ಉತ್ಸಾಹಿಗಳು ಸ್ವಲ್ಪ ತಡೆಯಬೇಕು. ಬಣ್ಣ ಇರಲಿ, ಮಗು ತನಗೆ ಬೇಕಾದ ಬೆಕ್ಕನ್ನೋ ಬಸ್ಸನ್ನೋ ಬಿಡಿಸಲಿ.

ಬರೆಯುತ್ತಾ ಕೈ ನಡುಗಿದರೆ, ಉಸಿರು ಕಟ್ಟಿದರೆ ನಿಲ್ಲಿಸಿ, ಬೇರೆ ವಿಷಯ ಹಿಡಿಯಿರಿ. ಪೆನ್ನೆಬೇಕರ್ ಹೇಳುವುದೂ ಅದನ್ನೇ. ವಾರಗಟ್ಟಲೆ ನಿದ್ದೆ ಇಲ್ಲ, ಸಾಯುವ ಯೋಚನೆ ಬರುತ್ತಿದೆ ಅಂದರೆ ಡೈರಿ ನಂಬಿಕೊಂಡು ಕೂರಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.