ಎಡಿಎಚ್‌ಡಿ ಇದ್ದವರಿಗೆ ಐಡಿಯಾ ಜಾಸ್ತಿ ಹೊಳೆಯುತ್ತದೆಯೇ?

ಪ್ರಶ್ನೆ: ನನಗೆ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ, ಆತುರ ಇರುವ ಸಮಸ್ಯೆ) ಇದೆ ಎಂದು ಈಚೆಗೆ ಗೊತ್ತಾಯಿತು. ‘ಚಿಂತೆ ಬಿಡಿ, ಅದು ವರ. ಕಲೆಗೂ ಬಿಸಿನೆಸ್ಸಿಗೂ ಒಳ್ಳೆಯದೇ’ ಎಂದು ಕೆಲವರು ಹೇಳುತ್ತಾರೆ. ನಿಜವೇ?

ಉತ್ತರ: ಸ್ವಲ್ಪ ನಿಜ. ಆದರೆ ‘ವರ’ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಬಿಲ್ ಕಟ್ಟಲು ಮರೆತು ದಂಡ ತೆರುವವರ ಮುಂದೆ ಅದನ್ನು ಹೇಳಿ ನೋಡಲಿ!

2006ರಲ್ಲಿ ಹಾಲಿ ವೈಟ್ ಮತ್ತು ಪ್ರೀತಿ ಶಾ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಿದರು. ಒಂದು ಮಾಮೂಲಿ ವಸ್ತುವನ್ನು ಎಷ್ಟೆಲ್ಲ ಬಗೆಯಲ್ಲಿ ಬಳಸಬಹುದು ಎಂದು ಕೇಳಿದಾಗ ಎಡಿಎಚ್‌ಡಿ ಇದ್ದ ವಯಸ್ಕರೇ ಮುಂದಿದ್ದರು. ಮೂರು ಪದಗಳಿಗೂ ಹೊಂದುವ ಒಂದೇ ಪದ ಹುಡುಕಿ ಎಂದಾಗ ಹಿಂದೆ ಬಿದ್ದರು. ಸಂಬಂಧವಿಲ್ಲದ ಯೋಚನೆಯನ್ನು ತಡೆಯುವ ಶಕ್ತಿ ಕಡಿಮೆ ಇರುವುದು ಇದಕ್ಕೆ ಒಂದು ಕಾರಣ ಇರಬಹುದು. ಬೇಡದ್ದು ಒಳಗೆ ಬರುತ್ತದೆ, ಅದರ ಜೊತೆಗೆ ಯಾರಿಗೂ ಹೊಳೆಯದ್ದೂ ಬರುತ್ತದೆ.

ಆದರೆ 2020ರಲ್ಲಿ 31 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಇನ್ನೊಂದು ವಿಷಯ ಕಂಡಿತು. ಹೀಗೆ ಹಲವು ದಿಕ್ಕಿನಲ್ಲಿ ಯೋಚಿಸುವ ಶಕ್ತಿ ಹೆಚ್ಚಾಗಿ ಕಂಡದ್ದು ಲಕ್ಷಣಗಳು ಜಾಸ್ತಿ ಇದ್ದರೂ ಕಾಯಿಲೆಯ ಮಟ್ಟ ಮುಟ್ಟದವರಲ್ಲಿ. ಮಾತ್ರೆ ತಗೊಂಡರೆ ಕಲ್ಪನೆ ಬತ್ತಿಹೋಗುತ್ತದೆ ಎಂಬ ಭಯಕ್ಕೂ ಅಲ್ಲಿ ಪುರಾವೆ ಸಿಗಲಿಲ್ಲ. ‘ಕ್ರಿಯೇಟಿವಿಟಿ ಹೋಗುತ್ತೆ’ ಅಂತ ಸುಮ್ನೆ ಔಷಧಿ ಬಿಡಬೇಡಿ.

ಬಿಸಿನೆಸ್ಸಿನ ಕಥೆಯೂ ಹೀಗೇ. ಚಡಪಡಿಕೆ, ಆತುರ ಇದ್ದವರು ಗ್ಯಾರಂಟಿ ಇಲ್ಲದಿದ್ದರೂ ಕೆಲಸಕ್ಕೆ ಇಳಿದುಬಿಡುತ್ತಾರೆ. ಹಿಡಿಸಿದ ಕೆಲಸವಾದರೆ ಊಟವನ್ನೂ ಮರೆತು ಕೂರುತ್ತಾರೆ. ಆದರೆ ಅಂಗಡಿ ತೆರೆಯುವುದು ಒಂದು ದಿನದ ಕೆಲಸ. ಆಮೇಲೆ ಲೆಕ್ಕ, ತೆರಿಗೆ, ಬಾಕಿ ವಸೂಲಿ ಎಲ್ಲ ದಿನಾ ಇರುತ್ತೆ ಅಲ್ವಾ? ಗಮನ ನಿಲ್ಲದಿರುವುದು ಅಲ್ಲಿ ಹೊಡೆತ ಕೊಡುತ್ತದೆ. ಜೆಟ್‌ಬ್ಲೂ ವಿಮಾನ ಸಂಸ್ಥೆ ಕಟ್ಟಿದ ಡೇವಿಡ್ ನೀಲ್ಮನ್ ತಮಗೆ ಈ ಸಮಸ್ಯೆ ಇದೆ ಎಂದು ಬಹಿರಂಗವಾಗಿಯೇ ಹೇಳಿದ್ದಾರೆ. ಅಂಥವರ ಹೆಸರು ಎಲ್ಲರಿಗೂ ಗೊತ್ತು. ಅರ್ಧಕ್ಕೇ ಕೈಬಿಟ್ಟವರ ಹೆಸರು ಯಾರಿಗೂ ಗೊತ್ತಿಲ್ಲ.

ನಿಮಗೆ ಬಿಸಿನೆಸ್ ಆಸೆ ಇದ್ದರೆ ಮೊದಲು ಲೆಕ್ಕಪತ್ರವನ್ನು ತಾಳ್ಮೆಯಿರುವ ಪಾಲುದಾರರಿಗೆ ಒಪ್ಪಿಸಿ. ಹೊಸ ಐಡಿಯಾ ಹೊಳೆದರೆ ಬರೆದಿಡಿ, ಆದರೆ ಕೈಲಿರುವುದು ಮುಗಿಯುವವರೆಗೆ ಅದಕ್ಕೆ ದುಡ್ಡು ಹಾಕಬೇಡಿ. ಚಿಕಿತ್ಸೆ ಹೇಗಿರಬೇಕು ಎಂಬುದನ್ನು ಮನೋವೈದ್ಯರ ಹತ್ತಿರವೇ ಮಾತಾಡಿ.